ಕಾಕಾನ ಮಣ್ಣಿಲ್ಲದ ಗಿಡ

ಮಟಕಿ ಎಂಬ ಊರಿನ ನಮ್ಮ ಕಾಕಾನನ್ನು ಹುಚ್ಚನೆನ್ನಲು ನನಗೆ ಧೈರ್ಯವಿಲ್ಲ. ಶಾಣ್ಯಾ ಎನ್ನಲು ಸಾಕ್ಷಿಯಿಲ್ಲ! ನಿಜಾಮರ ಕಾಲದಲ್ಲಿ ಜಮೀನಿನ ತಕರಾರಿಗೆಂದು ಹೈದರಾಬಾದಿಗೆ ಹೋದವನು ತಕರಾರು ಸೋತು, ಯಾವುದೋ ನವಾಬರ ತೋಟದ ಮಾಲಿಯ ಸ್ನೇಹ ಮಾಡಿ, ಕಂಕುಳಲ್ಲಿ ಒಂದು ಗಿಡ ಇಟ್ಟುಕೊಂಡು ಬಂದ. ಅದು ಆರ್ಕಿಡ್ ಎಂಬ ಜಾತಿಯದೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಎರೆಹೊಲದ ಊರಿನಲ್ಲಿ ಆ ಗಿಡಕ್ಕೆ ಮಣ್ಣೇ ಬೇಡವಂತೆ! ಇದ್ದಿಲು, ಇಟ್ಟಂಗಿ ಚೂರು ಸಾಕಂತೆ. ತಂಪು ಬೇಕು, ಆದರೆ ನೀರು ನಿಲ್ಲಬಾರದು. ಕಾಕಾ ಅದನ್ನು ಬಚ್ಚಲ ಗೋಡೆಯ ನೆರಳಲ್ಲಿಟ್ಟು, ಸುತ್ತಲೂ ಹಸಿ ಗೋಣಿತಟ್ಟು ಕಟ್ಟಿದ. ಬೇಸಿಗೆಯಲ್ಲಿ ಬೀಸಣಿಗೆ ಹಿಡಿದು ಗಾಳಿಯನ್ನೂ ಹಾಕುತ್ತಿದ್ದ.

ನೋಡಲು ಬಂದ ಗೌಡರು ಕೇಳಿದರು: "ಕಾಯಿ ಬಿಡ್ತದೇನ್ರಿ?"

"ಇಲ್ರಿ."

"ದನ ತಿಂತಾವೇನ್ರಿ?"

"ತಿನ್ನಾಕ ನಾ ಬಿಡಂಗಿಲ್ರಿ."

"ಮತ್ತ್ಯಾಕ ಬೆಳಸಾಕತ್ತೀರಿ?"

"ಅದ ನನಗೂ ತಿಳೀವಲ್ದರಿ!"

ಗಿಡಕ್ಕೆ ನೀರು ಹೊತ್ತು ಸಾಕಾಗಿದ್ದ ಕಾಕು, ಅವನ ಹೆಂಡತಿ, ಒಂದು ದಿನ ಸಿಟ್ಟಿಗೆದ್ದಳು. "ಹೂವು ಬಿಡ್ತದಂತ ಹೇಳ್ತೀರಲ್ಲ, ಅದು ಅರಳೋತನಕ ನಾ ಬ್ಯಾರೆ ಹೂವು ಮುಡಿಯಂಗಿಲ್ಲ. ನೋಡೇಬಿಡ್ರಿ!" ಹಟವೆಂದರೆ ಹಟ. ಐದು ವರ್ಷ ಅವಳ ತುರುಬಿಗೆ ಒಂದು ಎಸಳೂ ಏರಲಿಲ್ಲ. ಮುತ್ತೈದೆ ಹೀಗಿರಬಹುದೇ? ನಮ್ಮ ಆಯಿ, ಎಂದರೆ ಕಾಕಾನ ತಾಯಿ, ದಿನವೂ ಗಿಡಕ್ಕೆ ಶಾಪ ಹಾಕಿ, ಮರುಕ್ಷಣ ಅದಕ್ಕೇ ಕೈಮುಗಿಯುತ್ತಿದ್ದಳು.

ಕೊನೆಗೂ ಮೊಗ್ಗು ಬಂತು. ನಾವೆಲ್ಲ ಕುಣಿದೆವು. ಕಾಕಾ? ಮುಖ ಸಪ್ಪೆ ಮಾಡಿಕೊಂಡು ಮೊಗ್ಗಿಗೆ ಬಟ್ಟೆ ಮುಚ್ಚಿ ಕುಳಿತ! ಐದು ವರ್ಷ ಕಾದವನಿಗೆ ಇದೇನಾಯಿತು? ನನಗೊಂದೂ ತಿಳಿಯಲಿಲ್ಲ.

ಅರಳಿದ ದಿನ ಆಯಿಯೇ ಬಟ್ಟೆ ಸರಿಸಿದಳು. ಹೂವಿನ ಮುಂದುಗಡೆ ಥೇಟ್ ಜೋಡು! ಹೌದು, ಕಾಲಿಗೆ ಹಾಕುವ ಜೋಡು!

"ಹೂವು ಜೋಡಿನಂಗ ಇರ್ತದಂತ ಮಾಲಿ ಮೊದಲ ಹೇಳಿದ್ದ," ಎಂದ ಕಾಕಾ ಕಾಕುವಿಗೆ, ನೆಲ ನೋಡುತ್ತ. "ನಿನಗ ಹೇಳೂದ್ರಾಗ ನೀ ಪಣ ತೊಟ್ಟಿ. ಗಿಡ ಕಿತ್ತೊಗದ್ರ ನಿನ್ನ ತುರಬ ಖಾಲಿ, ಅರಳಿಸಿದ್ರ ಜೋಡು! ನಾ ಏನ್ ಮಾಡ್ಲಿ?"

"ಜೋಡು ಯಾರರೆ ತಲಿಮ್ಯಾಲ ಇಡ್ತಾರೇನಲೇ?" ಆಯಿ ಕೂಗಿದಳು.

ಕಾಕು ಹೂವನ್ನು ನೋಡಿದಳು. ಗೋಣಿತಟ್ಟು ಹಿಂಡಿ ಹಿಂಡಿ ಒರಟಾದ ಕಾಕಾನ ಕೈಗಳನ್ನು ನೋಡಿದಳು. ಬೆನ್ನು ತಿರುಗಿಸಿ ಕುಳಿತು, "ಮುಡಸ್ರಿ," ಎಂದಳು.

ಎಲೆ ಮುಟ್ಟಲೂ ಯಾರನ್ನೂ ಬಿಡದಿದ್ದ ಕಾಕಾ ತನ್ನ ಕೈಯಾರೆ ಹೂವು ಕಿತ್ತು ಮುಡಿಸಿದ. ನನಗೆ ಅಳು ಯಾಕೆ ಬಂತೋ ಇವತ್ತಿಗೂ ಗೊತ್ತಿಲ್ಲ.

ಆ ದಿನ ಕಾಕು ಕೊಡವನ್ನು ತಲೆಯ ಮೇಲೆ ಹೊರದೆ, ಸೊಂಟದ ಮೇಲಿಟ್ಟುಕೊಂಡು, ಊರ ನಡುವಿನ ದಾರಿಯಲ್ಲೇ ನಾಲ್ಕು ಸಲ ಬಾವಿಗೆ ಹೋಗಿಬಂದಳು. ಮನೆಯಲ್ಲಿ ಹಂಡೆ, ಗಡಿಗೆ ಎಲ್ಲ ಬೆಳಿಗ್ಗೆಯೇ ತುಂಬಿದ್ದವು.