ಐವತ್ತನೇ ನಿಮಿಷದ ರೀಡಿಂಗು

ಸಂಶಯವೆಂಬುದು ನನಗೆ ತಾಯಿಯ ಕಡೆಯಿಂದ ಬಂದ ಆಸ್ತಿ. ಕಾಪುವಿನ ನಮ್ಮ ಮನೆಗೆ ಮೀನು ತರುವ ಹೆಂಗಸನ್ನು ಉಮ್ಮ ಇಪ್ಪತ್ತು ವರ್ಷಗಳಿಂದ ಬಲ್ಲರು. ಆದರೂ ಒಂದೊಂದು ಬಂಗುಡೆಯ ಕಿವಿರನ್ನೂ ಬಿಡಿಸಿ ನೋಡದೆ ಬುಟ್ಟಿಯಿಂದ ಎತ್ತಿದವರಲ್ಲ. "ಅವಳ ಮೇಲೆ ನಂಬಿಕೆ ಉಂಟು. ಮೀನಿನ ಮೇಲೆ ಇಲ್ಲ" ಎನ್ನುತ್ತಾರೆ. ನಾನು ಮೀನಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಉಡುಪಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಭೌತ ರಸಾಯನಶಾಸ್ತ್ರದ ಮೇಲೇ ನನಗೆ ಗುಮಾನಿ ಹುಟ್ಟಿತ್ತು. ಆದರ್ಶ ಅನಿಲ ಎಂಬುದು ಲೋಕದಲ್ಲಿ ಎಲ್ಲೂ ಇಲ್ಲವೆಂದು ಪುಸ್ತಕವೇ ಮೊದಲು ಒಪ್ಪಿಕೊಂಡು, ಆಮೇಲೆ ಮೂವತ್ತು ಪುಟ ಅದರ ಗುಣಗಾನ ಮಾಡುತ್ತಿತ್ತು. ಎಲೆಕ್ಟ್ರಾನು ಇಂಥಲ್ಲೇ ಇದೆ ಎನ್ನುವಂತಿಲ್ಲ, ಇರುವ ಸಂಭವ ಉಂಟು ಎನ್ನಬೇಕಂತೆ. ಹೀಗೆ ಮಾತಾಡುವವರಿಗೆ ನಮ್ಮೂರಿನಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ.

ಆದರೆ ನನ್ನ ಸಂಶಯ ಗಟ್ಟಿಯಾಗಿ ನೆಲೆಸಿದ್ದು ಅಶ್ವಿನಿಯ ಮೇಲೆ. ಶಂಕರಪುರದ ಹುಡುಗಿ, ಲ್ಯಾಬಿನಲ್ಲಿ ನನ್ನ ಪಕ್ಕದ ಜಾಗದವಳು. ಎಸ್ಟರ್ ಎಂಬ ರಾಸಾಯನಿಕವೊಂದು ಆಮ್ಲದಲ್ಲಿ ಎಷ್ಟು ವೇಗವಾಗಿ ಒಡೆಯುತ್ತದೆಂದು ಅಳೆಯುವ ಪ್ರಯೋಗ ನಮಗಿತ್ತು. ಹತ್ತು ನಿಮಿಷಕ್ಕೊಮ್ಮೆ ಮಿಶ್ರಣದಿಂದ ಸ್ವಲ್ಪ ತೆಗೆದು, ಬ್ಯೂರೆಟ್ಟೆಂಬ ತಿರುಪಿನ ಗಾಜಿನ ಕೊಳವೆಯಿಂದ ಕ್ಷಾರವನ್ನು ಹನಿಹನಿಯಾಗಿ ಬಿಡುತ್ತ, ತಿಳಿಗುಲಾಬಿ ಬಣ್ಣ ಮೂಡಿದ ಕೂಡಲೇ ನಿಲ್ಲಿಸಿ, ಎಷ್ಟು ಕ್ಷಾರ ಹೋಯಿತೆಂಬ ರೀಡಿಂಗನ್ನು ಬರೆದುಕೊಳ್ಳಬೇಕು. ಕೊನೆಗೆ ಗ್ರಾಫಿನಲ್ಲಿ ನೇರ ಗೆರೆ ಬರಬೇಕು. ಅವಳದ್ದು ಪ್ರತಿ ಸಲವೂ ಬರುತ್ತಿತ್ತು. ನನ್ನದು ಕಾಪುವಿನಿಂದ ಶಿರ್ವಕ್ಕೆ ಹೋಗುವ ರಸ್ತೆಯಂತೆ ಬಳುಕುತ್ತಿತ್ತು.

"ನಿನ್ನದು ಇಷ್ಟು ನೇರ ಹೇಗೆ ಬರ್ತದೆ?" ಎಂದು ಕೇಳಿದೆ.

"ಎಂತ ಇಲ್ಲ ಮಾರಾಯ್ತಿ. ಕೊನೆಗೆ ನಿಧಾನ ಮಾಡುವುದು, ಅಷ್ಟೆ."

ಏನೂ ಇಲ್ಲ ಎನ್ನುವವರಲ್ಲೇ ಏನೋ ಇರುತ್ತದೆ. ಆ ವರ್ಷ ಪ್ರಾಯೋಗಿಕ ಪರೀಕ್ಷೆಯಲ್ಲಿ ಮೊದಲು ಬಂದವರನ್ನು ಬೇಸಿಗೆಯ ಎರಡು ತಿಂಗಳು ಮಣಿಪಾಲದ ಒಂದು ಪ್ರಯೋಗಾಲಯಕ್ಕೆ ಕಳಿಸುವವರಿದ್ದರು. ಒಬ್ಬರನ್ನು ಮಾತ್ರ. ಹೋಗುವ ಆಸೆ ನನಗೆ ತುಂಬ ಇತ್ತು. ಪರೀಕ್ಷೆಯ ಹಿಂದಿನ ದಿನ ನಮ್ಮ ಅಧ್ಯಾಪಕಿ ಕಾಮತ್ ಮೇಡಂ ಬಳಿ ಹೋಗಿ, "ಕೆಲವರು ಮೊದಲು ಗೆರೆ ಎಳೆದು ಆಮೇಲೆ ರೀಡಿಂಗು ಬರೀತಾರಂತೆ ಮೇಡಂ. ಹೆಸರು ನಾನು ಹೇಳುವುದಿಲ್ಲ" ಎಂದೆ.

"ಹೇಳಬೇಡ. ನಾನು ನೋಡಿಕೊಳ್ತೇನೆ" ಎಂದರು.

ಅವರು ನೋಡಿಕೊಳ್ಳುತ್ತಾರೆಂಬ ನಂಬಿಕೆಯೂ ನನಗಿರಲಿಲ್ಲ. ಮರುದಿನ ನಾನೇ ಕಾವಲಿಗೆ ನಿಂತೆ. ಅಶ್ವಿನಿ ದಿನವೂ ಬೆಳಿಗ್ಗೆ ತಾಯಿಯ ಜೊತೆ ಕುಳಿತು ಮಲ್ಲಿಗೆ ಕಟ್ಟಿಯೇ ಬಸ್ಸು ಹತ್ತುವವಳು. ಆ ಬೆರಳುಗಳು ಬ್ಯೂರೆಟ್ಟಿನ ತಿರುಪನ್ನು ಮೊಗ್ಗು ಹಿಡಿದಷ್ಟೇ ಹಗುರವಾಗಿ ಹಿಡಿದಿದ್ದವು. ಒಂದು ಹನಿ ಬಿತ್ತು, ಕಾದಳು. ಇನ್ನೊಂದು ಅರ್ಧ ಹನಿ. ಬಣ್ಣ ಬಂತೋ ಇಲ್ಲವೋ ಎನ್ನುವಷ್ಟು ಮೂಡಿತು. ಮೋಸ ಎಲ್ಲಿದೆ ಎಂದು ಹುಡುಕುತ್ತ ನಾನು ಅಲ್ಲೇ ನಿಂತುಬಿಟ್ಟೆ. ತಿರುಗಿ ನನ್ನ ಜಾಗಕ್ಕೆ ಬಂದಾಗ ನನ್ನ ಎರಡು ರೀಡಿಂಗುಗಳ ಹೊತ್ತು ಕಳೆದುಹೋಗಿತ್ತು.

ಮುಂದೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಮೊದಲು ಗೆರೆ ಎಳೆದೆ. ಆಮೇಲೆ ಬಿಂದುಗಳನ್ನಿಟ್ಟು, ಅವುಗಳಿಂದ ರೀಡಿಂಗುಗಳನ್ನು ಲೆಕ್ಕ ಹಾಕಿ ಬರೆದೆ. ಸಹಜವಾಗಿ ಕಾಣಲೆಂದು ಒಂದೆರಡನ್ನು ಗೆರೆಯಿಂದ ತುಸು ಸರಿಸಿಯೂ ಇಟ್ಟೆ.

ಕಾಮತ್ ಮೇಡಂ ನಾನು ರೀಡಿಂಗು ಬರೆದ ಪುಸ್ತಕದ ಮೇಲೆ ಬೆರಳಿಟ್ಟರು. "ಐವತ್ತನೇ ನಿಮಿಷದ ರೀಡಿಂಗು ಯಾವಾಗ ತೆಗೆದದ್ದು?"

"ಐವತ್ತನೇ ನಿಮಿಷಕ್ಕೆ, ಮೇಡಂ."

"ಆಗ ನೀನು ಅಶ್ವಿನಿಯ ಬೆನ್ನಿಗೆ ಅಂಟಿಕೊಂಡು ನಿಂತಿದ್ದಿ, ಅಲ್ವಾ? ನೀನು ಹೆಸರು ಹೇಳಲಿಲ್ಲ ನೋಡು, ಹಾಗಾಗಿ ನಾನು ಎಲ್ಲರನ್ನೂ ನೋಡಬೇಕಾಯಿತು."

ಅಶ್ವಿನಿ ಮಣಿಪಾಲಕ್ಕೆ ಆಯ್ಕೆಯಾದಳು. ನನಗೆ ಶನಿವಾರ ಪ್ರಯೋಗವನ್ನು ಮತ್ತೆ ಮಾಡಬೇಕೆಂದು ಶಿಕ್ಷೆಯಾಯಿತು. ಗಡಿಯಾರ ನೋಡಿ ಹೊತ್ತು ಹೇಳಲು ಅವಳೇ ಬಂದು ನಿಂತಾಗ, ತಡೆಯಲಾರದೆ ಎಲ್ಲವನ್ನೂ ಒಪ್ಪಿಕೊಂಡೆ.

"ಗೊತ್ತುಂಟು. ನಿನ್ನ ಉಸಿರು ನನ್ನ ಕುತ್ತಿಗೆಗೆ ತಾಗ್ತಿತ್ತು" ಎಂದಳು. "ಈಗ ತಿರುಪು ನೋಡು, ಮೂವತ್ತು ನಿಮಿಷ ಆಯ್ತು."

ಒಂದು ರೀಡಿಂಗನ್ನೂ ತಪ್ಪಿಸದೆ, ಎಲ್ಲವನ್ನೂ ಪ್ರಾಮಾಣಿಕವಾಗಿ ತೆಗೆದೆ. ಗೆರೆ ಮೂರು ಕಡೆ ಸೊಟ್ಟಗಾಯಿತು. ಕಾಮತ್ ಮೇಡಂ ಗ್ರಾಫನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಒಂದು ಪ್ರಶ್ನೆಯನ್ನೂ ಕೇಳದೆ ಸಹಿ ಹಾಕಿದರು. ಮೂರು ವರ್ಷದಲ್ಲಿ ನನ್ನ ಕೆಲಸವನ್ನು ಯಾರೂ ಅಷ್ಟು ಪೂರ್ತಿಯಾಗಿ ನಂಬಿದ್ದಿಲ್ಲ.