ರೈಟ್ ಅನ್ನದೆ ಹೊರಡದ ಮನುಷ್ಯ

ನಮ್ಮನೆಯವರ ಕಾಲಿಗೆ ಬ್ರೇಕ್ ಇದೆ ಅಂದರೆ ನಂಬುತ್ತೀರಾ? ಮೂವತ್ತೈದು ವರ್ಷ ಸಿಟಿ ಬಸ್ಸು ಓಡಿಸಿದ ಜೀವ. ರಿಟೈರ್ ಆದದ್ದು ಅವರು ಮಾತ್ರ. ಕಾಲುಗಳಿಗೆ ಆ ಆರ್ಡರು ಇನ್ನೂ ತಲುಪಿಲ್ಲ!

ಎಲ್ಲಾ ಶುರುವಾದದ್ದು ಮೊಮ್ಮಗಳಿಂದ. ಹೂಂ, ನಾನು ಅಜ್ಜಿ ಆಗಿದ್ದೇನೆ! ಆ ಪುಟ್ಟಿಗೆ ಎಂಥಾ ಅವಸರವೋ, ಏಳು ತಿಂಗಳಿಗೇ ಬಂದುಬಿಟ್ಟಳು. ಅಂಗೈಯಷ್ಟು ಕೂಸು. ಆಸ್ಪತ್ರೆಯವರು ಬೆಚ್ಚನೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದೂವರೆ ತಿಂಗಳು ಇಟ್ಟು ಉಳಿಸಿಕೊಟ್ಟರು. ಅಷ್ಟು ದಿನವೂ ಇವರು ಕಿಟಕಿಯಾಚೆ ನಿಂತೇ ಇದ್ದರು. ಕೂಸು ಬಾಯಿ ತೆರೆದು ಅಳುವುದು ಕಾಣುತ್ತಿತ್ತು, ಸದ್ದು ಮಾತ್ರ ನಮ್ಮ ತನಕ ಬರುತ್ತಿರಲಿಲ್ಲ.

ಕೂಸು ಮನೆಗೆ ಬಂದ ದಿನವೇ ಇವರು ಅಂದರು: "ಆ ಆಸ್ಪತ್ರೆಗೆ ಇನ್ನೊಂದು ಪೆಟ್ಟಿಗೆ ಬೇಕು ಕಣೇ. ನಾನು ಓಡಿ ತರಿಸ್ತೀನಿ."

"ಓಡಿಹೋಗಿ ತರೋಕೆ ಅದೇನು ಕಾಫಿಪುಡಿನಾ?" ಅಂದೆ.

ಊರಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಓಟವಂತೆ. ಇವರು ಪೂರ್ತಿ ಓಡಿದರೆ ಬಡಾವಣೆಯವರೆಲ್ಲ ಸೇರಿ ಪೆಟ್ಟಿಗೆ ಕೊಡಿಸುತ್ತಾರಂತೆ. ಅರ್ಧಕ್ಕೆ ನಿಂತರೆ ಇಲ್ಲ!

ಮಾರನೇ ಬೆಳಗ್ಗೆಯೇ ಖಾಕಿ ಪ್ಯಾಂಟು ಏರಿತು. ಅಯ್ಯೋ, ಆ ಓಟ ನೋಡಬೇಕು ನೀವು! ಎರಡೂ ಕೈ ಮುಂದೆ, ಸ್ಟಿಯರಿಂಗ್ ಹಿಡಿದ ಹಾಗೆ. ಕಣ್ಣು ಅರೆಮುಚ್ಚಿ ಮಂಜಿನೊಳಗೆ ತೇಲಿಕೊಂಡು ಹೋಗುತ್ತಿದ್ದರು. ಗೇಟಿನಲ್ಲಿ ನಿಂತು ನೋಡುತ್ತಾ ನೋಡುತ್ತಾ, ಅವರ ಬೆನ್ನ ಹಿಂದೆ ಒಂದು ಖಾಲಿ ಬಸ್ಸು ಸದ್ದಿಲ್ಲದೆ ತೇಲುತ್ತಿದೆ ಅಂತ ನನಗೂ ಅನ್ನಿಸಿಬಿಡುತ್ತಿತ್ತು.

ಆದರೆ ಬಸ್‌ಸ್ಟಾಪ್ ಬಂತೋ, ನಿಂತರು! ಕಂಡಕ್ಟರ್ "ರೈಟ್" ಅನ್ನದೆ ಡ್ರೈವರ್ ಹೊರಡುವುದುಂಟೇ? ನಜರ್‌ಬಾದಿನಲ್ಲಿ ಒಂದು ದಿನ ಕಾಲು ಗಂಟೆ ನಿಂತಿದ್ದರಂತೆ. ಹೂ ಮಾರುವಾಕೆ ಕೇಳಿದಳಂತೆ, "ಯಾರಿಗ್ ಕಾಯ್ತಿದೀರಾ ಸ್ವಾಮಿ?"

"ಯಾರಾದ್ರೂ ರೈಟ್ ಅನ್ಬೇಕಲ್ಲಮ್ಮ!"

"ಅಯ್ಯೋ, ರೈಟ್ ಕಣ್ರೀ, ಹೊರಡಿ ಅತ್ಲಾಗೆ!"

ಅಂದದ್ದೇ ತಡ, ಗೇರ್ ಹಾಕಿಕೊಂಡು ಹೊರಟೇಬಿಟ್ಟರು. ಆಮೇಲೆ ದಿನಾ ಆಕೆಯದೇ ರೈಟು.

ಒಂಟಿಕೊಪ್ಪಲಿನಲ್ಲಿ ಇನ್ನೂ ಚೆಂದ. ಸ್ಟಾಪಿನಲ್ಲಿದ್ದ ಯಜಮಾನರೊಬ್ಬರು ಇವರ ಖಾಕಿ ನೋಡಿ, "ಮಾರ್ಕೆಟ್ ಬಸ್ಸು ಯಾವಾಗಪ್ಪಾ?" ಅಂದರಂತೆ. ಇವರು ನಿದ್ದೆಗಣ್ಣಲ್ಲೇ, "ಹಿಂದ್ಗಡೆ ಬರ್ತಾ ಇದೆ ಸಾರ್, ಪೂರಾ ಖಾಲಿ!" ಅಂದುಬಿಟ್ಟರು. ಯಜಮಾನರು ಖುಷಿಯಲ್ಲಿ "ರೈಟ್" ಅಂದದ್ದೇ ತಡ, ಓಟ. ಪಾಪ, ಅವರು ಎಷ್ಟು ಹೊತ್ತು ಕಾದರೋ!

ಓಟದ ದಿನ ದಾರಿಯ ಸ್ಟಾಪುಗಳಲ್ಲೆಲ್ಲ ನೆಂಟರು, ಗುರುತಿನವರು ನಿಂತು ರೈಟ್ ಹೇಳಿದರು. ಕೊನೆಯದು ಸಿದ್ಧಾರ್ಥನಗರದ ಸ್ಟಾಪು, ಅದು ನನ್ನ ಪಾಲು. ಪುಟ್ಟಿಯನ್ನು ಶಾಲಿನಲ್ಲಿ ಸುತ್ತಿಕೊಂಡು ಕೂತಿದ್ದೆ. ಎಳೆ ಬಿಸಿಲು, ಮಡಿಲಲ್ಲಿ ನಿದ್ದೆಯ ಕೂಸು. ನನಗೂ ಕನಸು ಬಿದ್ದಂತೆಯೇ ಇತ್ತು.

ಓಡುವವರೆಲ್ಲ ದಾಟಿ ಹೋದ ಮೇಲೆ ಇವರು ಬಂದರು. ಸ್ಟಿಯರಿಂಗ್ ಕೈ ಜೋತುಬಿದ್ದಿತ್ತು. ನನ್ನ ಮುಂದೆ ನಿಂತರು. ಓಟ ಮುಗಿಯುವ ಕಮಾನು ಅಗೋ, ಅಲ್ಲೇ ಕಾಣುತ್ತಿತ್ತು.

"ರೈಟ್!" ಅಂದೆ. ಕದಲಲಿಲ್ಲ.

"ರೀ, ರೈಟ್ ರೈಟ್!" ಅಂತ ಕೂಗಿದೆ.

"ಕಾಲು ಬರ್ತಿಲ್ಲ ಕಣೇ. ಪೆಟ್ಟಿಗೆ ಹೋಯ್ತು." ಕಣ್ಣಲ್ಲಿ ನೀರು.

ನನ್ನ ಕೂಗಿಗೆ ಪುಟ್ಟಿ ಬೆಚ್ಚಿ ಎದ್ದಳು ನೋಡಿ! ಮುಖ ಕೆಂಪಗೆ ಮಾಡಿಕೊಂಡು, ಇಡೀ ಬೀದಿಗೆ ಕೇಳುವ ಹಾಗೆ ಒಂದು ಕಿರುಚು. ಇವರು ತಲೆ ಎತ್ತಿದರು. ಒಂದು ಕೈ ಮೆಲ್ಲಗೆ ಮೇಲೆದ್ದು ಸ್ಟಿಯರಿಂಗ್ ಹಿಡಿಯಿತು. ಇನ್ನೊಂದು ಗೇರ್ ಎಳೆಯಿತು.

"ಕಂಡಕ್ಟ್ರಮ್ಮ ಹೇಳ್ಬುಟ್ಲು ಕಣೇ," ಅಂದರು. ಕುಂಟಿಕೊಂಡೇ ಹೊರಟರು.

ನಾನು ಅವಳನ್ನು ಸಮಾಧಾನ ಮಾಡಲಿಲ್ಲ. ಅವರು ಕಮಾನು ದಾಟುವ ತನಕ ಅಳಲಿ ಅಂತ ಬಿಟ್ಟೆ. ಒಂದೂವರೆ ತಿಂಗಳು ಗಾಜಿನಾಚೆ ನಿಂತು ಅವರು ಕಾದದ್ದು ಇದೇ ಸದ್ದಿಗಲ್ಲವೇ!