ಕೆಸರು ಮೂಸುವ ಮಾವನವರು

ನಮ್ಮ ಮಾವನವರಿಗೆ ಹೆತ್ತ ಮಗ ಎಷ್ಟನೇ ಕ್ಲಾಸಿನವರೆಗೆ ಓದಿದ್ದಾನೆಂದು ಗೊತ್ತಿರಲಿಲ್ಲ. ಕಟ್ಟಿಕೊಂಡ ಹೆಂಡತಿ ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಾಳೋ ಬೆಲ್ಲ ಹಾಕಿಕೊಳ್ಳುತ್ತಾಳೋ ಗೊತ್ತಿರಲಿಲ್ಲ. ಆದರೆ ಬೈರಕೂರಿನ ಸುತ್ತಮುತ್ತ ಯಾವ ಕಾಡುಹಂದಿ ಯಾವ ಕೆಸರಿನಲ್ಲಿ ಎಷ್ಟು ಹೊತ್ತಿಗೆ ಹೊರಳಿತು, ಎದ್ದು ಯಾವ ಮರಕ್ಕೆ ಯಾವ ಮಗ್ಗುಲು ಉಜ್ಜಿತು ಎಂಬುದು ಮಾತ್ರ ಅಂಗೈ ಮೇಲಿನ ನೆಲ್ಲಿಕಾಯಿ! ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ. ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಹಾಗೆ ಎನ್ನುವವರು ಆ ಮನೆಯಲ್ಲಿ ಸೊಸೆಯಾಗಿ ಒಂದು ಮಳೆಗಾಲ ಕಳೆದು ನೋಡಬೇಕಿತ್ತು.

ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಪಡೆದ ಒಂಟಿನಳಿಗೆ ಬಂದೂಕೊಂದು ಅವರ ಹತ್ತಿರ ಇತ್ತು. ಉಳಿದ ಊರುಗಳ ಷಿಕಾರಿಯವರು ನಾಯಿ ಬಿಟ್ಟು, ತಮಟೆ ಬಡಿದು, ಪೊದೆಯಿಂದ ಪೊದೆಗೆ ಹಂದಿ ಎಬ್ಬಿಸುತ್ತಿದ್ದರು. ಮಾವನವರಿಗೆ ಅದು ಬಲು ಕೀಳು ಕೆಲಸ. "ಹಂದೀನ ಹುಡುಕ್ಬಾರ್ದು ಕಣ್ರೋ, ಅದರ ಬಚ್ಚಲಮನೆ ಹುಡುಕ್ಬೇಕು" ಎನ್ನುತ್ತಿದ್ದರು. ಹಂದಿಗೆ ಬೆವರುವ ಮೈಯಿಲ್ಲವಂತೆ, ಬಿಸಿಲು ಸ್ವಲ್ಪ ಚುರುಕಾದರೂ ಕೆಸರಿಗೆ ಬಿದ್ದು ಹೊರಳಲೇಬೇಕಂತೆ. ಕೆರೆಯ ತೂಬು ಸೋರಿ ಜೊಂಡು ಬೆಳೆದ ಕಡೆಯಲ್ಲೆಲ್ಲ ಇವರು ಬಗ್ಗಿ ಕೆಸರು ಮೂಸುತ್ತಿದ್ದರು. ಪಕ್ಕದ ಮರದ ಬೊಡ್ಡೆಗೆ ಮೆತ್ತಿದ ಕೆಸರಿನ ಎತ್ತರ ನೋಡಿ ಹಂದಿಯ ಗಾತ್ರ ಹೇಳುತ್ತಿದ್ದರು, ಅದು ಎಷ್ಟು ಒಣಗಿದೆ ಎಂದು ಬೆರಳಿನಿಂದ ಮುಟ್ಟಿ ನೋಡಿ ಹೊತ್ತು ಹೇಳುತ್ತಿದ್ದರು. ಮನೆಯ ಗಡಿಯಾರ ನಿಂತು ವರ್ಷವಾಗಿದ್ದರೂ ಕತ್ತೆತ್ತಿ ನೋಡಿದವರಲ್ಲ.

ನಾನು ಮಾಸ್ತಿಯ ಕಡೆಯವಳು. ಎಪ್ಪತ್ತರ ದಶಕದ ಕೊನೆಯಲ್ಲಿ, ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ದಿನವೇ ಆ ಮನೆಯ ಹೊಸಿಲ ಮೇಲಿನ ಸೇರು ಒದ್ದು ಒಳಗೆ ಬಂದೆ. ಹಿರಿಯರ ಕಾಲಿಗೆ ಬೀಳುವ ಶಾಸ್ತ್ರ. ಮಾವನವರು ಎಲ್ಲಿ? ಮದುವೆ ಊಟ ಮುಗಿಸಿ ಕೈ ತೊಳೆದವರು ಅದೇ ಕೈಯಲ್ಲಿ ಮಾಯ! ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ತಲೆಯಿಂದ ಪಾದದವರೆಗೆ ಕೆಸರು ಮೆತ್ತಿದ ಯಾರೋ ಒಳಗೆ ಬಂದರು.

"ಅತ್ತೆ, ಪಾಪ ಯಾರೋ ಕೆರೆಗೆ ಬಿದ್ದಿದಾರೆ" ಎಂದೆ ನಾನು.

"ಬಿದ್ದಿಲ್ಲ ಕಣಮ್ಮಾ, ಬೇಕಂತ್ಲೇ ಮಲಗಿ ಬಂದವ್ರೆ. ನಿಮ್ಮಾವ. ಕಾಲಿಗೆ ಬೀಳು" ಎಂದರು ಅತ್ತೆ.

ಕಾಲು ಎಲ್ಲಿ ಮುಗಿಯುತ್ತದೆ, ಕೆಸರು ಎಲ್ಲಿ ಶುರುವಾಗುತ್ತದೆ? ಅಂದಾಜಿನ ಮೇಲೆ ಬಿದ್ದೆ. ಧಾರೆ ಸೀರೆಯ ಸೆರಗು ಹಾಳಾಯಿತು. ಮಾವನವರು ಕೈ ಎತ್ತಿ ಹರಸಿದರು: "ನೂರು ವರ್ಷ ಬಾಳಮ್ಮಾ. ಒಸಿ ದೂರ ನಿಂತ್ಕೊ, ಮಲ್ಲಿಗೆ ವಾಸ್ನೆ ಮೈಗೆ ಹತ್ತುತ್ತೆ."

ಹಂದಿಗೆ ಕಣ್ಣು ಮಂದ, ಮೂಗು ಮಹಾ ಚುರುಕು. ಅದಕ್ಕೆ ನಾವೇನು ಮಾಡಬೇಕು ಎಂದು ಕೇಳುತ್ತೀರಾ? ಎಲ್ಲವನ್ನೂ ನಾವೇ ಮಾಡಬೇಕಿತ್ತು! ಹೊಸ ಕೆಸರುಗುಂಡಿಯೊಂದು ಸಿಕ್ಕಿತೆಂದರೆ ಮನೆಯಲ್ಲಿ ಸೋಪಿಲ್ಲ, ತಲೆಗೆ ಕೊಬ್ಬರಿಎಣ್ಣೆಯಿಲ್ಲ, ದೇವರಿಗೆ ಊದಿನಕಡ್ಡಿಯೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸಾರಿಗೆ ಒಗ್ಗರಣೆಯಿಲ್ಲ. ಇಂಗಿನ ವಾಸನೆ ಬಟ್ಟೆಗೆ ಅಂಟುತ್ತದಂತೆ. ಒಗ್ಗರಣೆಯಿಲ್ಲದ ಹುರುಳಿ ಸಾರಿನಲ್ಲಿ ನೀವು ಮುದ್ದೆ ನುಂಗಿದ್ದೀರಾ? ಜ್ವರ ಬಿಟ್ಟೆದ್ದವರೂ ತಟ್ಟೆ ತಳ್ಳುತ್ತಾರೆ. ನನ್ನ ಗಂಡ ಬಸ್ ಕಂಡಕ್ಟರು, ಕೋಲಾರದ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬಂದು "ನಂಗೆ ಹಸಿವಿಲ್ಲ ಕಣೇ" ಎಂದು ಸಾಧುವಿನಂತೆ ಮಲಗಿಬಿಡುತ್ತಿದ್ದರು. ಹೆಂಗಸರು ಎಲ್ಲಿಗೆ ಹೋಗಬೇಕು? ಮಾವನವರ ಷಿಕಾರಿ ಅಂಗಿಯನ್ನಂತೂ ಒಗೆಯುವಂತೆಯೇ ಇಲ್ಲ. ದನದ ವಾಸನೆಗೆ ಹಂದಿ ಹೆದರುವುದಿಲ್ಲವೆಂದು ಅದನ್ನು ಕೊಟ್ಟಿಗೆಯ ಗೋಡೆಗೇ ನೇತು ಹಾಕುತ್ತಿದ್ದರು.

ಅತ್ತೆ ಒಮ್ಮೆ ತಿರುಗಿಬಿದ್ದರು. ಮಾವನವರು ಬಂದೂಕು ಹಿಡಿದು ಹೊರಡುವ ಹೊತ್ತಿಗೆ ಸರಿಯಾಗಿ ಕಾದ ಎಣ್ಣೆಗೆ ಒಂದು ಹಿಡಿ ಒಣಮೆಣಸಿನಕಾಯಿ ಸುರಿದರು. ಮನೆಯೆಲ್ಲ ಘಾಟು. ಮಾವನವರು ಸೀನಿ ಸೀನಿ ಕಣ್ಣಲ್ಲಿ ನೀರು ಸುರಿಸುತ್ತ, "ಏನೇ ಇದು?" ಎಂದರು.

"ಒಗ್ಗರಣೆ. ಇವತ್ತು ಬರ್ಬೇಡ ಅಂತ ಹಂದಿಗೆ ಹೇಳಿ ಕಳಿಸಿ."

ಆ ಒಂದು ದಿನ ನಾನು ಅತ್ತೆಗೆ ಮನಸ್ಸಿನಲ್ಲೇ ಆರತಿ ಎತ್ತಿದೆ.

ಇದೆಲ್ಲ ಮನೆಯೊಳಗಿನ ಮಾತಾಯಿತು. ನಮ್ಮ ಮಾನ ಊರಾಚೆಗೂ ಹೋಗಬೇಕಲ್ಲ? ನಾದಿನಿಯ ನಿಶ್ಚಿತಾರ್ಥಕ್ಕೆ ಯಲ್ದೂರಿಗೆ ಹೋದೆವು. ಗಂಡಿನ ಮನೆಯವರಿಗೆ ದೊಡ್ಡ ಮಾವಿನ ತೋಟ. ತಾಂಬೂಲ ಬದಲಾಯಿಸುವ ಹೊತ್ತಿಗೆ ಹೆಣ್ಣಿನ ತಂದೆ ನಾಪತ್ತೆ. ಇವರು ತೋಟದಲ್ಲಿ ಒಂದೊಂದೇ ಮರ ತಬ್ಬಿ, ಬೊಡ್ಡೆ ಸವರಿ, ಮೂಸಿ ನೋಡುತ್ತಿದ್ದರು. ಗಂಡಿನ ದೊಡ್ಡಪ್ಪ ಇವರನ್ನು ಹಿಂದೆ ನೋಡಿದವರಲ್ಲ. ಆ ಸೀಮೆಯಲ್ಲಿ ಮರ ತಡವಿ ನೋಡುವವರೆಂದರೆ ಫಸಲು ಗುತ್ತಿಗೆ ಹಿಡಿಯುವ ಕಂಟ್ರಾಕ್ಟರುಗಳೇ. ಅವರು ಕಾಫಿ ತರಿಸಿಕೊಟ್ಟು ವಿಚಾರಿಸಿದರು.

"ಹೆಂಗೈತೆ ತೋಟ?"

"ಚೆನ್ನಾಗೈತೆ. ಆದ್ರೆ ನಿನ್ನೆ ಒಬ್ಬ ಬಂದು ಹೋಗವ್ನೆ."

"ಯಾರು, ಮದ್ರಾಸಿನ ಪಾರ್ಟಿನಾ?"

"ಪಾರ್ಟಿ ಏನಿಲ್ಲ, ಒಬ್ನೇ ಓಡಾಡೋನು. ನನ್ನ ಸೊಂಟದ ಎತ್ತರ ಅವ್ನೆ."

ದೊಡ್ಡಪ್ಪ ಚಪ್ಪರಕ್ಕೆ ಓಡಿಬಂದು, ಯಾರೋ ಕುಳ್ಳ ಕಂಟ್ರಾಕ್ಟರು ತಮಗೆ ತಿಳಿಸದೆ ತೋಟ ನೋಡಿ ಹೋಗಿದ್ದಾನೆಂದು ಗಲಾಟೆ ಎಬ್ಬಿಸಿದರು. ನಿಜ ಗೊತ್ತಾದ ಮೇಲೆ ಗಂಡಿನ ಕಡೆಯ ಹೆಂಗಸರು ಒಬ್ಬರ ಕಿವಿಗೊಬ್ಬರು ಬಾಗಿದರು. ಈ ಹುಚ್ಚು ಮಗಳಿಗೂ ಬಂದಿರಬಹುದೇ ಎಂಬ ಅನುಮಾನ. ನಾದಿನಿ ಅಳಲು ಕೂತಳು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಮಾವನವರು ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟರು: "ಸಂಬಂಧ ಒಳ್ಳೇದು. ತೋಟದ ತಗ್ಗಲ್ಲಿ ಹಂದಿ ಹೊರಳೋ ಗುಂಡಿ ಎರಡವೆ."

ಇಷ್ಟನ್ನೆಲ್ಲ ನಾನು ನಕ್ಕು ಮರೆಯಬಲ್ಲೆ. ಕಡಲೆಕಾಯಿಯ ವಿಷಯಕ್ಕೆ ಮಾತ್ರ ಇಂದಿಗೂ ಮೈ ಉರಿಯುತ್ತದೆ.

ಮದುವೆಯಾದ ಮೇಲೆ ಎರಡು ಸಲ ನನಗೆ ತಿಂಗಳು ನಿಂತಿತ್ತು. ಎರಡು ಸಲವೂ ಉಳಿಯಲಿಲ್ಲ. ಎರಡನೆಯ ಸಲ ಊರಿನ ಹೆಂಗಸರೆಲ್ಲ ಬಂದು ಅಯ್ಯೋ ಪಾಪ ಎಂದು ಹೋದ ಮೇಲೆ ನಾನು ಮೂಲೆ ಹಿಡಿದೆ. ಅತ್ತೆ ಒಂದು ದಿನ ಕೈ ಹಿಡಿದು ಎಬ್ಬಿಸಿಕೊಂಡು ಹೋಗಿ ಕೆರೆಯ ಕೆಳಗಿನ ಒಂದು ಪಟ್ಟಿ ನೆಲ ತೋರಿಸಿದರು. "ಇದರಲ್ಲಿ ಕಡ್ಲೆಕಾಯಿ ಹಾಕು. ನೀನೇ ಬಿತ್ತು, ನೀನೇ ಕೀಳು. ಯಾರೂ ಏನೂ ಕೇಳಲ್ಲ" ಎಂದರು. ಆ ಮನೆಯಲ್ಲಿ ನನ್ನದು ಎಂದು ಇದ್ದದ್ದು ಆ ಪಟ್ಟಿ ಒಂದೇ. ಬಿತ್ತಿದೆ, ಕಳೆ ಕಿತ್ತೆ. ಹೂವಾಗಿ, ಹೂವಿನ ಬುಡದ ಸೂಜಿ ಮಣ್ಣಿಗೆ ಇಳಿದ ಮೇಲೆ ದಿನವೂ ಹೋಗಿ ಒಂದು ಗಿಡದ ಬುಡ ಬೆರಳಿನಿಂದ ಕೆದಕಿ, ಕಾಯಿ ಕಟ್ಟಿದೆಯೇ ಎಂದು ನೋಡಿ ಮತ್ತೆ ಮುಚ್ಚುತ್ತಿದ್ದೆ. ಮಣ್ಣಿನೊಳಗೆ ಏನೋ ಉಳಿದುಕೊಂಡಿದೆ ಎನ್ನುವುದೇ ನನಗೆ ಆಗ ದೊಡ್ಡ ಸಮಾಧಾನವಾಗಿತ್ತು.

ಅದೇ ಹೊತ್ತಿಗೆ ನನಗೆ ಮತ್ತೆ ನಿಂತಿತು. ಈ ಸಲ ಬಾಯಿ ಬಿಡಲಿಲ್ಲ. ಗಂಡನಿಗೂ ಹೇಳಲಿಲ್ಲ. ಅತ್ತೆ ನಾದಿನಿಯ ಮದುವೆಯ ಓಡಾಟದಲ್ಲಿದ್ದರು, ಅವರಿಗೂ ತಿಳಿಯಲಿಲ್ಲ. ಹೇಳಿದರೆ ಹೋಗಿಬಿಡುತ್ತದೆ ಎಂಬ ಹೆದರಿಕೆ. ಕಡಲೆಕಾಯಿ ಕೀಳುವವರೆಗೆ ಇದು ಉಳಿದರೆ ಮುಂದೂ ಉಳಿಯುತ್ತದೆ ಎಂದು ನಾನೇ ಒಂದು ಲೆಕ್ಕ ಹಾಕಿಕೊಂಡಿದ್ದೆ.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ಪಟ್ಟಿಯ ಒಂದು ಮೂಲೆ ಉತ್ತು ಹಾಕಿದಂತಾಗಿದೆ! ಗಿಡಗಳೆಲ್ಲ ಬೇರು ಮೇಲೆ. ನಾನು ಅಳುತ್ತ ಮನೆಗೆ ಓಡಿದೆ. ಮಾವನವರು ಬಂದವರು ನನ್ನ ಕಡೆ ನೋಡಲಿಲ್ಲ, ಗಿಡದ ಕಡೆಯೂ ನೋಡಲಿಲ್ಲ. ಪಟ್ಟಿಯ ಅಂಚಿನ ಹೊಂಗೆ ಮರಕ್ಕೆ ಮೆತ್ತಿದ್ದ ಕೆಸರು ನೋಡಿ ಅವರ ಮುಖ ಅರಳಿತು.

"ಎಂಥ ಒಂಟಿಗ ಕಣಮ್ಮಾ! ಹಿಂಡು ಬಿಟ್ಟು ಒಂಟಿಯಾಗಿ ತಿರುಗೋ ಇಂಥ ಗಂಡು ಈ ಸೀಮೆಗೆ ಬಂದು ಎಷ್ಟು ವರ್ಷ ಆಗಿತ್ತು."

"ಅದು ನನ್ನ ಕಾಯಿ ತಿಂದದೆ ಮಾವಾ" ಎಂದೆ, ಹಲ್ಲು ಕಚ್ಚಿ.

ಆಗ ಅವರಿಗೆ ಎಚ್ಚರವಾಯಿತು. "ತಿಂದ ಬಾಯಿನ ತಂದು ನಿನ್ನ ಮುಂದೇನೇ ಹಾಕ್ತೀನಿ. ಶುಕ್ರವಾರ ಸಂಜೆ ನೋಡ್ತಿರು" ಎಂದು ಮಾತು ಕೊಟ್ಟರು. ಆ ವಾರ ಒಗ್ಗರಣೆಯಿಲ್ಲದ ಸಾರನ್ನು ನಾನು ಮೊದಲ ಬಾರಿಗೆ ಗೊಣಗದೆ ಉಂಡೆ. ತಲೆಯ ಹೂವನ್ನೂ ತೆಗೆದಿಟ್ಟೆ.

ಶುಕ್ರವಾರ ಮಾವನವರ ಜೊತೆಗಾರನಾದ ಟೈಲರ್ ತನ್ನ ಬಳಗದೊಡನೆ ಬಂದ. ಬಟ್ಟೆ ಕತ್ತರಿಸುವುದಕ್ಕಿಂತ ಮಾಂಸ ಕತ್ತರಿಸುವುದರಲ್ಲಿ ಅವನ ಕೈ ಚುರುಕು, ಮಾತಿನಲ್ಲಂತೂ ಕೇಳುವಂತೆಯೇ ಇಲ್ಲ. ಮಚ್ಚು ಮಸೆದರು, ದೊಡ್ಡ ಪಾತ್ರೆ ಎರವಲು ತಂದರು, ನನ್ನ ಕೈಯಲ್ಲಿ ಮಸಾಲೆಯನ್ನೂ ಅರೆಸಿದರು. ಮಾವನವರು ಕೊಟ್ಟಿಗೆಗೆ ಹೋಗಿ ಅಂಗಿ ತೊಟ್ಟು, ಟೈಲರನೊಂದಿಗೆ ತೂಬಿನ ಹತ್ತಿರದ ಹುಣಸೆಮರ ಹತ್ತಿ ಕೂತರು. ನಾವು ಹೆಂಗಸರು ಕೆರೆಯ ಏರಿಯ ಹಿಂದೆ ತಲೆ ತಗ್ಗಿಸಿಕೊಂಡು ನೋಡುತ್ತಿದ್ದೆವು.

ಹೊತ್ತು ಇಳಿಯುವಾಗ ಒಂಟಿಗ ಬಂತು. ಜೊಂಡಿನ ನಡುವಿನ ಕೆಸರಿಗೆ ದೊಪ್ಪನೆ ಬಿದ್ದು, ಆ ಮಗ್ಗುಲು ಈ ಮಗ್ಗುಲು ಹೊರಳಿ, ಹಬ್ಬದ ದಿನ ಎಣ್ಣೆನೀರು ಹಾಕಿಸಿಕೊಳ್ಳುವವರಂತೆ ನಿಟ್ಟುಸಿರು ಬಿಟ್ಟಿತು. ಎದ್ದು ಹೊಂಗೆ ಮರಕ್ಕೆ ಮೈ ಉಜ್ಜಿ, ನೆಟ್ಟಗೆ ನನ್ನ ಪಟ್ಟಿಗೆ ನುಗ್ಗಿತು. ಅವರು ಕೂತ ಹುಣಸೆಮರದ ಕೆಳಗೇ, ಅಡ್ಡ ಮಗ್ಗುಲಾಗಿ ನಿಂತಿತ್ತು. ಮರದ ಮೇಲಿನಿಂದ ಬಂದೂಕಿನ ನಳಿಗೆ ಕೆಳಗೆ ಬಾಗಿತು.

ಗುಂಡು ಹಾರಲಿಲ್ಲ. ಹಂದಿ ಗಿಡ ಕೀಳುತ್ತಿದೆ, ಕಾಯಿ ಕಟಕಟನೆ ಕಡಿಯುವ ಸದ್ದು ನನಗೆ ಕೇಳುತ್ತಿದೆ, ಗುಂಡು ಹಾರುತ್ತಿಲ್ಲ! ಟೈಲರ್ ಬಂದೂಕಿಗೆ ಕೈ ಹಾಕಿದ. ಮಾವನವರು ಕೊಡಲಿಲ್ಲ. ಅದನ್ನು ತೊಡೆಯ ಮೇಲೆ ಮಲಗಿಸಿ ಎರಡು ಕೈಯಲ್ಲೂ ಒತ್ತಿ ಹಿಡಿದು ಕೂತರು. ಹಂದಿ ಹೊಟ್ಟೆ ತುಂಬ ತಿಂದು, ಅವಸರವಿಲ್ಲದೆ ಗುಡ್ಡದ ಕಡೆ ಹೋಯಿತು.

ಮರದಿಂದ ಇಳಿದ ಟೈಲರ್ ನಮ್ಮೆಲ್ಲರ ಮುಂದೆಯೇ ಕೇಳಿದ: "ಏಮನ್ನಾ, ಪಂದಿಕಿ ದಣ್ಣಂ ಪೆಟ್ಟಿ ವಚ್ಚಿನಾವಾ?" ಹಂದಿಗೆ ಕೈಮುಗಿದು ಬಂದೆಯಾ ಎಂದು.

"ಕೈ ನಡುಗ್ತು" ಎಂದರು ಮಾವನವರು, ನೆಲ ನೋಡುತ್ತ.

ಸೊಸೆಯಾದವಳು ಮಾವನೆದುರು ದನಿ ಎತ್ತಬಾರದು. ನಾನು ಎತ್ತಿದೆ. "ನಿಮ್ಮ ಕೈ ನಡುಗೋಕೆ ನನ್ನ ಹೊಲಾನೇ ಬೇಕಿತ್ತಾ? ಕೆಸರು ಮೂಸಿ ಮೂಸಿ ನೀವೂ ಆ ಹಂದಿ ಕುಲಕ್ಕೇ ಸೇರ್ಬಿಟ್ರಿ" ಎಂದೆ. ಏರಿಯ ಮೇಲಿನ ಹೆಂಗಸರು ಬಾಯಿ ಮೇಲೆ ಕೈಯಿಟ್ಟರು. ಮಾವನವರು ಬಂದೂಕು ಎತ್ತಿಕೊಂಡು ಮನೆಯ ದಾರಿ ಹಿಡಿದರು. ಅದು ನನ್ನ ಸಿಟ್ಟಿಗೆ ಇನ್ನಷ್ಟು ತುಪ್ಪ ಸುರಿಯಿತು.

ಸುದ್ದಿಗೆ ಕಾಲು ಬಂತು. ಮುಳಬಾಗಿಲಿನಿಂದ ಶ್ರೀನಿವಾಸಪುರದವರೆಗೆ, ಒಂಟಿಗ ಎದುರಿಗೆ ನಿಂತಾಗ ಬೆವತ ಷಿಕಾರಿಯ ಕಥೆಯೇ ಕಥೆ. ನನ್ನ ಗಂಡನ ಬಸ್ಸಿನಲ್ಲಿ ಟಿಕೆಟ್ ಕೇಳುವವರು ಮೊದಲು ಹಂದಿಯ ಯೋಗಕ್ಷೇಮ ಕೇಳುತ್ತಿದ್ದರು. ಮಾವನವರು ಬಂದೂಕಿಗೆ ಎಣ್ಣೆ ಹಚ್ಚಿ, ಗೋಣಿಚೀಲ ಸುತ್ತಿ ಅಟ್ಟಕ್ಕೆ ಹಾಕಿದರು. ಸಂಜೆಯಾದರೆ ಒಂದು ಸೀಮೆಎಣ್ಣೆ ಡಬ್ಬ ಹೊತ್ತು ನನ್ನ ಪಟ್ಟಿಗೆ ಹೋಗಿ, ಅಲ್ಲೇ ಕೂತು ಅದನ್ನು ಬಡಿಯತೊಡಗಿದರು. ಲೈಸೆನ್ಸಿರುವ ಬಂದೂಕು ಅಟ್ಟದಲ್ಲಿ, ಯಜಮಾನರು ಹೊಲದಲ್ಲಿ ಡಬ್ಬ ಬಡಿಯುತ್ತ! ಇದಕ್ಕಿಂತ ನಾಚಿಕೆಗೇಡು ಉಂಟೆ? ಟೈಲರ್ ದಿನಾ ಬೀದಿ ಬಾಗಿಲಿಗೆ ಬಂದು "ಅನ್ನಾ, ಕಚೇರಿ ಶುರು ಎಷ್ಟೊತ್ತಿಗೆ?" ಎಂದು ಕೂಗುತ್ತಿದ್ದ. ಉಳಿದ ಕಡಲೆಕಾಯಿ ಉಳಿದುಕೊಂಡಿತು, ನಿಜ. ನಾನು ಮಾತ್ರ ಮಾವನವರಿಗೆ ಮಾತಾಡದೆ ತಟ್ಟೆ ಕುಕ್ಕಿ ಬಡಿಸುತ್ತಿದ್ದೆ, ಒಗ್ಗರಣೆಗೆ ಎರಡರಷ್ಟು ಇಂಗು ಹಾಕಿ.

ಮುಂದಿನ ಬೇಸಿಗೆಯಲ್ಲಿ ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿದ್ದಾಳೆ, ಮೂಗಿನ ತುದಿಯ ಸಿಟ್ಟು ನನ್ನದೇ. ಯಾರೂ ಗಾಬರಿಯಾಗದಿರಲಿ ಎಂದು ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ದಿನಗಳಲ್ಲಿ ನನ್ನ ಹೊಟ್ಟೆಯ ಸುದ್ದಿ ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಬಸುರಿಯರಿಗೆ ಮಣ್ಣು ತಿನ್ನುವ ಚಪಲ ಇರುತ್ತದಲ್ಲ, ನನಗೆ ವಿಪರೀತವಾಗಿತ್ತು. ಕೊಟ್ಟಿಗೆಯ ಗೋಡೆ ಮಳೆಗೆ ನೆನೆದು ಘಮ್ಮೆನ್ನುತ್ತಿತ್ತು. ಯಾರೂ ಇಲ್ಲದಾಗ ಹೋಗಿ ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಒಂದು ಸಂಜೆ ಹಾಗೆ ಕೆರೆಯುತ್ತ ನಿಂತಿದ್ದಾಗ ಹಿಂದೆ ಯಾರೋ ಕೆಮ್ಮಿದರು. ಮಾವನವರು! ಅವರು ನನ್ನ ಮುಖ ನೋಡದೆ, ಟವೆಲ್ಲಿನಲ್ಲಿ ಕಟ್ಟಿದ್ದ ಏನನ್ನೋ ದನ ನೀರು ಕುಡಿಯುವ ಬಾನಿಯ ಅಂಚಿನ ಮೇಲಿಟ್ಟು ಬಿಚ್ಚಿದರು. ಹದವಾಗಿ ಸುಟ್ಟ ಜೇಡಿಮಣ್ಣಿನ ಬಿಲ್ಲೆಗಳು.

"ಆ ಗೋಡೇಲಿ ಗಂಜಲ ಸೇರೈತೆ ತಾಯಿ. ಇದು ಒಳ್ಳೆ ಜಾಗದ ಮಣ್ಣು. ಕಲ್ಲು ಆರಿಸಿ, ಕೆಂಡದ ಮೇಲೆ ಸುಟ್ಟಿದ್ದೀನಿ. ತಿನ್ಲೇಬೇಕು ಅನ್ನಿಸಿದ್ರೆ ಇದನ್ನ ತಿನ್ನು."

ನಾನು ಉಗುರಿನ ಮಣ್ಣನ್ನು ಸೆರಗಿಗೆ ಒರೆಸಿಕೊಂಡೆ. "ಯಾವತ್ತು ಗೊತ್ತಾಯ್ತು ಮಾವಾ?"

"ಶುಕ್ರವಾರ, ಅಂಗಿ ತಗೊಳ್ಳೋಕೆ ಬಂದಾಗ. ಗೋಡೆ ಮೇಲೆ ಉಗುರಿನ ಗುರುತು ಇನ್ನೂ ಹಸಿಯಾಗಿತ್ತು. ಮನೇಲಿ ಬಸುರಿ ಇರೋವಾಗ ಜೀವ ತೆಗೆಯೋಕೆ ಕೈ ಬರ್ತದೇನಮ್ಮಾ?"

"ಒಂದು ಮಾತು ಹೇಳ್ಬೋದಿತ್ತಲ್ಲ. ಊರೆಲ್ಲ ನಿಮ್ಮನ್ನ ಆಡ್ಕೊಂಡು ನಗ್ತಾ ಐತೆ."

"ಮೂರು ತಿಂಗಳು ತುಂಬೋಗಂಟ ಹೇಳ್ಬಾರ್ದು. ನಗಲಿ ಬಿಡು. ಊರಿನ ಕಣ್ಣೆಲ್ಲ ನನ್ನ ಮೇಲೇ ಇದ್ರೆ ನಿನ್ನ ಕಡೆ ಬೀಳಲ್ಲ."

ಅಷ್ಟರಲ್ಲಿ ಬೀದಿಯಲ್ಲಿ ಟೈಲರನ ದನಿ ಕೇಳಿತು. ಹೊಲಕ್ಕೆ ಹೋಗಲು ಹಿತ್ತಿಲ ದಾರಿಯೇ ಹತ್ತಿರ, ಬಾಗಿಲೂ ತೆರೆದಿತ್ತು. ಮಾವನವರು ಡಬ್ಬವನ್ನು ಹೆಗಲಿಗೇರಿಸಿಕೊಂಡು ಬೀದಿ ಬಾಗಿಲಿನಿಂದಲೇ ಹೊರಟರು.